ಎಣ್ಣೆ ಒರೆಸದ ರಿಮ್ಮು

“ನೀನು ಬಿದ್ದರೂ ಸರಿ, ಬೇರೆಯವರನ್ನ ಬೀಳಿಸಿದರೂ ಸರಿ, ಸೈಕಲ್ಲನ್ನ ನಿನ್ನ ಕೈಯಿಂದ ಕಸಿಯಲ್ಲ ಕಣವ್ವಾ. ಯಾರಿಗೂ ಕಸಿಯಾಕೆ ಬಿಡಲ್ಲ.”

ಬೆನಕಪ್ಪ ಮಗಳಿಗೆ ಹೀಗೆ ಮಾತು ಕೊಟ್ಟಿದ್ದು ಅವಳಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ. ಬಾಡಿಗೆ ಸೈಕಲ್ಲಿನ ಮೇಲೆ ಒಳಪೆಡಲು ಕಲಿಯಲು ಹೋಗಿ ರುದ್ರಾಣಿ ಮೊಳಕಾಲು ಕೆತ್ತಿಸಿಕೊಂಡು ಬಂದಿದ್ದಳು. ತಾಯಿ ಕಸ್ತೂರಮ್ಮ ಗಾಯಕ್ಕೆ ಅರಿಸಿನ ಒತ್ತುತ್ತಾ ಗಂಡನನ್ನು ಬಯ್ಯುತ್ತಿದ್ದಳು. “ಗಂಡುಮಕ್ಕಳೇ ಹಲ್ಲು ಮುರ್ಕೊಂತಾವೆ, ಹೆಣ್ಣುಮಗೀಗೆ ಯಾಕ್ರೀ ಈ ಗಾಡಿ? ನಾಳೆ ಇದರ ಕಾಲು ಸೊಟ್ಟಗಾದ್ರೆ ಯಾರು ಲಗ್ನ ಆಗ್ತಾರೆ?” ಹುಡುಗಿ ಅಳು ನಿಲ್ಲಿಸಿ, ಅಪ್ಪನ ಮುಂದೆ ಅಂಗೈ ಚಾಚಿ, “ಭಾಷೆ ಕೊಡು” ಅಂದಿತ್ತು. ಬೆನಕಪ್ಪ ಗ್ರೀಸು ಮೆತ್ತಿದ ಕೈಯನ್ನು ಅದರ ಮೇಲಿಟ್ಟಿದ್ದ.

ಚನ್ನಗಿರಿಯ ಪೇಟೆ ಬೀದಿಯಲ್ಲಿ ಅವನದು ಬಾಡಿಗೆ ಸೈಕಲ್ ಅಂಗಡಿ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಟೈರು ಟ್ಯೂಬು ಹೋಗಲಿ, ಬ್ರೇಕಿಗೆ ಹಾಕುವ ಬೆರಳುದ್ದದ ರಬ್ಬರೂ ಸಿಗದಂತಾಗಿತ್ತು. ಬೆನಕಪ್ಪ ಹಳೇ ಲಾರಿ ಟೈರು ಕೊಯ್ದು ತಾನೇ ಬ್ರೇಕಿನ ತುಂಡು ಮಾಡುತ್ತಿದ್ದ. ಒಂದು ಚೈನು ತುಂಡಾದರೆ ಇನ್ನೊಂದು ಸತ್ತ ಚೈನಿನ ಕೊಂಡಿ ಬಿಚ್ಚಿ ಕೂಡಿಸುತ್ತಿದ್ದ. ಇಷ್ಟಾದರೂ ಬ್ರೇಕು ಒತ್ತಿ, ಸೈಕಲ್ಲನ್ನು ಮುಂದಕ್ಕೆ ದಬ್ಬಿ ನೋಡದೆ ಒಂದನ್ನೂ ಹೊರಗೆ ಬಿಟ್ಟವನಲ್ಲ. ಅಡಿಕೆ ವ್ಯಾಪಾರಕ್ಕೆ ಹೊನ್ನಾಳಿಯಿಂದಲೋ ನ್ಯಾಮತಿಯಿಂದಲೋ ಬಂದವರು ಬಸ್ಸಿಳಿದು ನೇರ ಅವನ ಅಂಗಡಿಗೇ ಬರುತ್ತಿದ್ದರು. “ಬೆನಕಪ್ಪನ ಸೈಕಲ್ಲಿಗೆ ಬಣ್ಣ ಇಲ್ಲದಿದ್ರೂ ಬ್ರೇಕ್ ಐತೆ” ಎಂಬ ಮಾತು ಊರಲ್ಲಿತ್ತು. ಅವನ ಆಸ್ತಿ ಎಂದರೆ ಆ ಮಾತೇ.

ರುದ್ರಾಣಿ ಟ್ರೈನಿಂಗ್ ಮುಗಿಸಿ ಉಬ್ರಾಣಿ ದಾರಿಯ ಹಳ್ಳಿಯೊಂದರ ಹೆಣ್ಣುಮಕ್ಕಳ ಶಾಲೆಗೆ ಮೇಷ್ಟ್ರಮ್ಮ ಆದಳು. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ಬಸ್ಸನ್ನು ನಂಬಿದರೆ ಶಾಲೆ ಮುಗಿಯುವ ಹೊತ್ತಿಗೆ ಶಾಲೆ ಸೇರಬೇಕಿತ್ತು. ಬೆನಕಪ್ಪ ನ್ಯಾಮತಿಯಿಂದ ಹಳೇ ಲೇಡೀಸ್ ಸೈಕಲ್ಲೊಂದನ್ನು ತಂದ. ಸೀರೆಯ ಅಂಚು ಸಿಕ್ಕದಂತೆ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಬಡಿದು, ಚೈನಿಗೆ ಮೇಲಿಂದ ಕೆಳಗಿನವರೆಗೆ ಕವರು ಕಟ್ಟಿದ. ಮೊದಮೊದಲು ಪೇಟೆಯ ಜಗಲಿಗಳ ಮೇಲೆ ಕೂತವರಿಗೆ ಹಬ್ಬವೋ ಹಬ್ಬ.

“ಏಯ್, ದಾರಿ ಬಿಡ್ರೋ, ಮೇಷ್ಟ್ರಮ್ಮಾರ ಸವಾರಿ ಬಂತು!”

“ದಾರಿ ಬಿಡೋದು ಬ್ಯಾಡ ಮಾವ,” ಅನ್ನುತ್ತಿದ್ದಳು ರುದ್ರಾಣಿ, ಬೆಲ್ಲು ಹೊಡೆಯುತ್ತಲೇ. “ಎಡಗಡೆ ನಡೆಯೋದು ಕಲೀರಿ, ಅಷ್ಟು ಸಾಕು.”

ಬರಬರುತ್ತಾ ಅವರು ನಿಜಕ್ಕೂ ಎಡಗಡೆ ಸರಿಯತೊಡಗಿದರು.

ಆ ವರ್ಷದ ಆಯುಧಪೂಜೆಗೆ ಅಂಗಡಿಯ ಸೈಕಲ್ಲುಗಳನ್ನೆಲ್ಲ ತೊಳೆದು ಬೀದಿಗೆ ಸಾಲಾಗಿ ನಿಲ್ಲಿಸಿದರು. ವಿಭೂತಿ ಎಳೆದರು, ಹ್ಯಾಂಡಲಿಗೆ ಚೆಂಡುಹೂವಿನ ಸರ ಕಟ್ಟಿದರು. ಅದಕ್ಕೂ ಮುಂಚೆ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಉಜ್ಜಿದರು, ಹ್ಯಾಂಡಲು, ಫ್ರೇಮು, ರಿಮ್ಮು ಎಲ್ಲವನ್ನೂ. ದೀಪ ಬೆಳಗುವಾಗ ಚಕ್ರಗಳು ಮಿಂಚಬೇಕು, ಆಗಲೇ ಪೂಜೆ ಪೂಜೆಯಂತೆ ಕಾಣುವುದು. ಆದರೆ ಎಣ್ಣೆ ಸವರಿದ ರಿಮ್ಮಿನ ಮೇಲೆ ಬ್ರೇಕು ಹಿಡಿಯುವುದಿಲ್ಲ. ಅದಕ್ಕೇ ಪೂಜೆಯಾದ ಸೈಕಲ್ಲನ್ನು ಮತ್ತೆ ಹೊರಗೆ ತೆಗೆಯುವ ಮುಂಚೆ ಒಲೆಯ ಬೂದಿ ಹಾಕಿ ರಿಮ್ಮು ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಬೇಕೆಂದು ಬೆನಕಪ್ಪ ಕಟ್ಟುನಿಟ್ಟು ಮಾಡಿದ್ದ. ಅಂಗಡಿಯ ಸೈಕಲ್ಲುಗಳಿಗೆಲ್ಲ ಮಾರನೆಯ ದಿನವೇ ಅದು ಆಗಿತ್ತು. ಮಗಳ ಸೈಕಲ್ಲಿಗೆ ಮಾತ್ರ ಅವಸರವಿರಲಿಲ್ಲ, ಶಾಲೆಗೆ ರಜೆ. ಮಗಳದ್ದೆಂದು ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಎಣ್ಣೆ ಹಚ್ಚಿ, ಎಲ್ಲಕ್ಕಿಂತ ಹೆಚ್ಚು ಹೊಳಪು ಬರಿಸಿ, ನಡುಮನೆಯಲ್ಲಿ ನಿಲ್ಲಿಸಿದ್ದ.

ರಜೆ ಮುಗಿಯಿತು. ಮರುದಿನ ಶಾಲೆ, ಮರುದಿನವೇ ಸಂತೆ. ಸಂತೆಯ ಹಿಂದಿನ ದಿನ ಬಗ್ಗಿಸಿದ ಬೆನ್ನು ಎತ್ತಲು ಬಿಡುವಿಲ್ಲದೆ ದುಡಿದು, ಬೆನಕಪ್ಪ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಗೋಡೆಗೊರಗಿದ. ಹಬ್ಬದ ಪಾತ್ರೆಗಳನ್ನೆಲ್ಲ ಬೆಳಗಿಟ್ಟು ಬಂದ ರುದ್ರಾಣಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

“ಅಪ್ಪಾ, ನನ್ನ ಸೈಕಲ್ ರಿಮ್ಮು ಒರೆಸಿದ್ಯಾ? ಇಲ್ಲಾಂದ್ರೆ ನಾನೇ ಬೂದಿ ಹಾಕಿ ತಿಕ್ತೀನಿ.”

“ಒರೆಸೀನಿ ಕಣವ್ವಾ. ಹೋಗಿ ಉಣ್ಣು.”

ಒರೆಸಿರಲಿಲ್ಲ. ಇಲ್ಲ ಅಂದರೆ ಅವಳು ಆಗಲೇ ಕೂತು ತಿಕ್ಕುತ್ತಾಳೆ, ಬೆಳಗಿನಿಂದ ಅವಳೂ ಕೂತಿಲ್ಲ. ಕೋಳಿ ಕೂಗುವಾಗ ಎದ್ದು ತಾನೇ ಮಾಡಿದರಾಯಿತು ಅಂದುಕೊಂಡಿದ್ದ. ಆ ಸುಳ್ಳಿನಲ್ಲಿ ಇದ್ದಿದ್ದು ಇಷ್ಟೇ.

ಅವನಿಗೆ ಎಚ್ಚರವಾದಾಗ ಹಂಚಿನ ಸಂದಿಯಿಂದ ಬಿಸಿಲು ಬಿದ್ದಿತ್ತು. ನಡುಮನೆಯಲ್ಲಿ ಸೈಕಲ್ಲು ಇರಲಿಲ್ಲ.

ಅವರ ಮನೆ ಕೋಟೆ ಕಡೆಯ ಮೇಲ್ಬೀದಿಯಲ್ಲಿ. ಮೂಲೆ ತಿರುಗಿ ಸೈಕಲ್ ಹತ್ತಿದರೆ ಇಳಿಜಾರು ಶುರು, ಕೆಳಗೆ ಸಂತೆಮಾಳ. ಇಳಿಜಾರಿಗೆ ಮುಂಚೆ ಒಮ್ಮೆ ಬ್ರೇಕ್ ಹಿಡಿದು ನೋಡಬೇಕೆಂದು ಮಗಳಿಗೆ ಕಲಿಸಿದವನು ಬೆನಕಪ್ಪನೇ. ಅಂದು ಅವಳು ನೋಡಲಿಲ್ಲ. ಅಪ್ಪ ಒರೆಸೀನಿ ಅಂದಿದ್ದ.

ಅವನು ಬರಿಮೈಯಲ್ಲೇ ಓಡಿಬಂದಾಗ ಸಂತೆಯ ಬಾಯಲ್ಲಿ ಜನ ಕವಿದುಕೊಂಡಿದ್ದರು. ಕಂಬಳಿ ಮಾರಲು ಜಗಳೂರು ಸೀಮೆಯ ಬಿಳಿಚೋಡಿನಿಂದ ಬಂದಿದ್ದ ಹುಲಿಗೆಮ್ಮ ಎಂಬ ಮುದುಕಿ ಬಲಗೈಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ಮಣಿಕಟ್ಟು ಮುರಿದು ಆಗಲೇ ಊದಿಕೊಂಡಿತ್ತು. ರುದ್ರಾಣಿ ಪಕ್ಕದಲ್ಲಿ ಮಂಡಿಯೂರಿ ಮುದುಕಿಯ ಬೆನ್ನು ಹಿಡಿದಿದ್ದಳು. ಅವಳ ಗಲ್ಲದಿಂದ ರಕ್ತ ಸುರಿಯುತ್ತಿತ್ತು. ಸೈಕಲ್ಲು ಕಂಬಳಿ ರಾಶಿಯ ಮೇಲೆ ಬಿದ್ದಿತ್ತು, ತಗಡಿನ ಕವರು ನಗ್ಗಿ ಚೈನು ಕಳಚಿ ಜೋತಾಡುತ್ತಿತ್ತು.

ಬೆನಕಪ್ಪ ಸೈಕಲ್ಲೆತ್ತಿದ. ಬೆರಳು ರಿಮ್ಮಿಗೆ ತಾಗಿತು. ಜಾರಿತು.

“ಏನಾತೋ ಬೆನಕಪ್ಪಾ? ನಿನ್ನ ಸೈಕಲ್ಲಿಗೇ ಬ್ರೇಕಿಲ್ವಾ?” ಎಂದು ಯಾರೋ ಕೇಳಿದರು. ಕೇಳಿದವನ ಪಕ್ಕದಲ್ಲಿ ಬೆನಕಪ್ಪನ ಅಂಗಡಿಯ ಬಾಡಿಗೆ ಸೈಕಲ್ಲು ಹಿಡಿದು ನಿಂತಿದ್ದ ಗಿರಾಕಿಯೊಬ್ಬ ತನ್ನ ಬ್ರೇಕನ್ನು ಒತ್ತಿ ನೋಡಿಕೊಂಡ.

“ಚೈನು ಕಳಚೈತೆ,” ಅಂದ ಬೆನಕಪ್ಪ. ಚೈನು ಕಳಚಿದ್ದು ನಿಜ. ಬಿದ್ದ ಮೇಲೆ ಕಳಚಿದ್ದು. ಮುಂದಿನ ಮಾತು ಮಾತ್ರ ಅವನೇ ಕೂಡಿಸಿದ್ದು: “ಚೈನು ಹೋದ್ಮೇಲೆ ಗಾಡಿ ಹಿಡಿತಕ್ಕೆ ಹೆಂಗೆ ಬರ್ತದೆ?”

ಬ್ರೇಕಿಗೂ ಚೈನಿಗೂ ಸಂಬಂಧವಿಲ್ಲವೆಂದು ಆ ಗುಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಆದರೆ ಬೆನಕಪ್ಪನಿಗೆ ಹೊಳೆಯದೇ ಇದ್ದಿದ್ದನ್ನು ಇನ್ನೊಬ್ಬ ಹೇಳಿಬಿಟ್ಟ.

“ಚೈನು ಸುಮ್ನೆ ಕಳಚ್ತದಾ? ಸೀರೆ ಸಿಕ್ಕೈತೆ. ಹೆಣ್ಣುಮಕ್ಕಳು ಸೈಕಲ್ ತುಳಿದ್ರೆ ಮತ್ತಿನ್ನೇನಾಗ್ತದೆ!”

“ಹೌದಲ್ಲ, ಸೀರೆ!” ಅಂದರು ಎಲ್ಲರೂ. ಇಷ್ಟು ದಿನ ಈ ಮಾತಿಗೇ ಕಾದಿದ್ದವರಂತೆ ಅಂದರು. ರುದ್ರಾಣಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಬೆನಕಪ್ಪ ಸೈಕಲ್ಲು ಹೊತ್ತುಕೊಂಡು ನಡೆದ.

ಹುಲಿಗೆಮ್ಮನ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿ, ಊರಿಗೆ ಹೋಗುವ ಸ್ಥಿತಿಯಲ್ಲಿಲ್ಲವೆಂದು ಕಸ್ತೂರಮ್ಮ ಪಡಸಾಲೆಯಲ್ಲೇ ಹಾಸಿಕೊಟ್ಟಳು. ಉಣ್ಣೆ ನೂತು ಬದುಕುವ ಹೆಂಗಸು. ಒಂದೆರಡು ದಿನ ಮಲಗಿದ್ದವಳು ಆಮೇಲೆ ಎಡಗೈಯಲ್ಲಿ ಕದಿರು ತಿರುಗಿಸಲು ನೋಡುತ್ತಿದ್ದಳು. ಎಳೆ ಗಂಟಾಗುತ್ತಿತ್ತು, ತುಂಡಾಗುತ್ತಿತ್ತು. ಬೆನಕಪ್ಪ ಆ ದಾರಿಯಲ್ಲಿ ಬಗ್ಗಿಸಿದ ತಲೆ ಎತ್ತದೆ ಓಡಾಡುತ್ತಿದ್ದ.

“ಯಾಕಪ್ಪಾ, ನನ್ನ ನೋಡಿದ್ರೆ ಹಂಗೆ ಮಾರಿ ತಿರುವ್ತೀಯ?” ಎಂದು ಅವಳೇ ಕರೆದು ಕೂರಿಸಿದಳು. “ಮಗಳನ್ನ ಬಯ್ಯಬ್ಯಾಡ ಕಣಪ್ಪಾ. ಬೆಲ್ಲು ಹೊಡೀತು, ‘ಸರೀರಿ, ಬ್ರೇಕ್ ಹಿಡೀವಲ್ದು’ ಅಂತ ಕೂಗ್ತು. ನಾನೇ, ತಲೆ ಮ್ಯಾಲೆ ಕಂಬಳಿ ಹೊರೆ, ಯಾವ ಕಡೆ ಸರೀಬೇಕು ಅಂತ ತಿಳೀಲಿಲ್ಲ. ನಿಮ್ಮೂರಾಗೆ ಎಡಗಡೆ ಅಂತೆ. ನಮ್ಮ ಕಡೆ ಕುರಿಗಳೇ ದಾರಿ ತುಂಬಾ ಇರ್ತಾವೆ, ಎಡ ಯಾವುದು ಬಲ ಯಾವುದು!” ಎಂದು ನಕ್ಕಳು. ನಗುವಾಗ ಕೈ ನೋಯಿತು, ಹಲ್ಲು ಕಚ್ಚಿಕೊಂಡಳು.

ಬ್ರೇಕ್ ಹಿಡೀವಲ್ದು ಅಂತ ಮಗಳು ಕೂಗಿದ್ದನ್ನು ಇನ್ನೆಷ್ಟು ಜನ ಕೇಳಿರಬಹುದು? ಅವನಿಗೆ ಮೊದಲು ಬಂದ ಯೋಚನೆ ಅದು. ಬಂದಿದ್ದಕ್ಕೆ ನಾಚಿ ಅವನು ಎದ್ದು ಹಿತ್ತಲಿಗೆ ಹೋದ.

ಹಿತ್ತಲಲ್ಲಿ ರುದ್ರಾಣಿ ಬೂದಿ ಹಾಕಿ ರಿಮ್ಮು ತಿಕ್ಕುತ್ತಿದ್ದಳು. ಶಾಲೆಗೆ ಅವಳು ನಾಲ್ಕು ದಿನ ರಜೆ ಬರೆದಿದ್ದಳು. ಅಪ್ಪ ಹತ್ತಿರ ಬಂದರೂ ಕೈ ನಿಲ್ಲಿಸಲಿಲ್ಲ.

“ಎರಡು ಬ್ರೇಕೂ ಹಿಡಿದೆ ಅಪ್ಪಾ. ಹಿಡಿದಷ್ಟೂ ಜಾರ್ತು.”

“ಹ್ಞೂಂ.”

“ಒರೆಸೀನಿ ಅಂದಿದ್ಯಲ್ಲ.”

“ಒರೆಸಿದ್ದೆ ಕಣವ್ವಾ… ಸರಿಯಾಗಿ ಹೋಗಿಲ್ಲೇನೋ.”

ರುದ್ರಾಣಿ ಬೂದಿಯ ಬಟ್ಟೆಯನ್ನು ಅವನ ಕಡೆ ತಿರುಗಿಸಿದಳು. ಬಟ್ಟೆಯೆಲ್ಲ ಜಿಡ್ಡಾಗಿ ಕಪ್ಪಗಾಗಿತ್ತು.

“ಮಹೇಶ್ವರಪ್ಪಾರು ನಾಳೆ ಕರೆಸ್ಯಾರಂತೆ ನಿನ್ನ,” ಅಂದಳು. “ಎಣ್ಣೆ ವಿಷಯ ಹೇಳಬ್ಯಾಡ, ಅಂಗಡಿ ಹೆಸರು ಕೆಡ್ತದೆ. ಸೀರೆ ಸಿಕ್ಕಿರಲಿಲ್ಲ ಅಂತ ಹೇಳು. ಕವರು ಇತ್ತು, ಸಿಗಾಕೆ ಸಾಧ್ಯಾನೇ ಇಲ್ಲ ಅಂತ ಹೇಳು. ಅಷ್ಟೇ ಸಾಕು ಅಪ್ಪಾ ನನಗೆ.”

“ಹೇಳ್ತೀನಿ ಬಿಡವ್ವಾ.”

ಹೇಳುತ್ತೇನೆಂದೇ ಅವನು ಹೋದ. ದಾರಿಯುದ್ದಕ್ಕೂ ಬಾಯೊಳಗೆ ಅದನ್ನೇ ಜೋಡಿಸಿಕೊಂಡ: ಸಾವ್ಕಾರ್ರೇ, ಕವರು ನನ್ನ ಕೈಯಾರೆ ಕಟ್ಟಿದ್ದು, ಅದರೊಳಗೆ ಸೀರೆ ಸಿಗಲ್ಲ.

ಮಹೇಶ್ವರಪ್ಪ ಅಡಿಕೆ ಮಂಡಿಯವರು, ಶಾಲಾ ಕಮಿಟಿಯಲ್ಲೂ ಇದ್ದವರು. ಅವರ ಮಂಡಿಯ ಜಗಲಿಯಲ್ಲಿ ಊರಿನ ಇನ್ನೂ ಕೆಲವರು ಕೂತಿದ್ದರು. ಎಲೆಯಡಿಕೆ ತಟ್ಟೆಯನ್ನು ಬೆನಕಪ್ಪನ ಕಡೆಗೂ ಸರಿಸಿದರು. ಜಗಳದ ಧಾಟಿಯೇ ಇರಲಿಲ್ಲ, ಅದರಿಂದ ಅವನಿಗೆ ಇನ್ನೂ ಕಷ್ಟವಾಯಿತು.

“ನೋಡು ಬೆನಕಪ್ಪಾ, ನಾವೆಲ್ಲ ಒಂದೊಂದು ಮಾತಾಡ್ತೀವಿ. ಕಸುಬಿನವನು ನೀನು. ಸೀರೆ ಸಿಕ್ಕಿ ಚೈನು ಕಳಚ್ತು ಅಂತಾರೆ ಜನ. ಆ ಅಜ್ಜಿ ನೋಡಿದ್ರೆ ಹುಡುಗಿ ಬ್ರೇಕಿಲ್ಲ ಅಂತ ಕೂಗ್ತು ಅಂತಾಳಂತೆ. ಯಾವುದಪ್ಪಾ ನಿಜ?”

“ಅದು ಸಾವ್ಕಾರ್ರೇ, ಕವರು…”

“ಬ್ರೇಕೇ ಆಗಿದ್ರೆ ಮುಚ್ಚಬ್ಯಾಡ,” ಎಂದು ನಡುವೆ ಬಾಯಿ ಹಾಕಿದವರು ಪಕ್ಕದ ಜವಳಿ ಅಂಗಡಿಯ ಮಲ್ಲೇಶಪ್ಪ. “ನನ್ನ ಮಗನೂ ನಿನ್ನ ಸೈಕಲ್ಲೇ ತಗೊಂಡು ಹೋಗ್ತಾನೆ. ರಬ್ಬರ್ ಸಿಗವಲ್ದು, ಟೈರ್ ಕೊಯ್ದು ಹಾಕ್ತೀನಿ ಅಂತ ನೀನೇ ಹೇಳ್ತಿದ್ದೆ. ಒಂದು ಹಿಡಿದಿಲ್ಲ ಅಂದ್ರೆ ಉಳಿದವು ಹೆಂಗೆ ನಂಬೋದು?”

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಸೀರೆಯಲ್ಲ ಅಂದರೆ ಬ್ರೇಕು. ಬ್ರೇಕು ಅಂದರೆ ಎಣ್ಣೆ, ಎಣ್ಣೆ ಅಂದರೆ ಅವನು. ಮಗಳು ತೋರಿಸಿದ್ದ ನಡುದಾರಿ ಅಲ್ಲಿ ಇರಲೇ ಇಲ್ಲ. ಅಂಗಡಿ ಮುಚ್ಚಿದರೆ ಕಸ್ತೂರಮ್ಮ ಏನು ಬೇಯಿಸುತ್ತಾಳೆ ಎಂದು ಅವನ ಮನಸ್ಸು ಓಡಿತು. ರುದ್ರಾಣಿಯ ಕೆಲಸ ಹೇಗೂ ಇದೆಯಲ್ಲ, ಅವಳು ಬಸ್ಸಿನಲ್ಲಿ ಹೋಗಬಹುದಲ್ಲ, ಎಂದೂ ಓಡಿತು. ಬಸ್ಸಿನ ಗತಿ ಅವನಿಗೆ ಗೊತ್ತಿತ್ತು.

“ಸೀರೆ ಇರಬೇಕು ಸಾವ್ಕಾರ್ರೇ,” ಅಂದ.

ಮಲ್ಲೇಶಪ್ಪ ಉಸಿರುಬಿಟ್ಟು ಎಲೆಗೆ ಸುಣ್ಣ ಸವರಿದರು. ಮಹೇಶ್ವರಪ್ಪ ಮೆಲ್ಲಗೆ, “ಹಂಗಾದ್ರೆ ಆ ಮಗೀಗೆ ಇನ್ನು ಸೈಕಲ್ ಬ್ಯಾಡ ಕಣಪ್ಪಾ. ಇವತ್ತು ಅಜ್ಜಿ ಕೈ ಹೋತು, ನಾಳೆ ಯಾರದೋ ಪ್ರಾಣ. ನೀನೇ ಮಾತು ಕೊಟ್ಟುಬಿಡು, ಕಮಿಟಿಯಿಂದ ಕಾಗದ ಗೀಗದ ಏನೂ ಬ್ಯಾಡ,” ಅಂದರು.

“ಆತು,” ಅಂದ ಬೆನಕಪ್ಪ.

ಮನೆ ಬಾಗಿಲಲ್ಲಿ ರುದ್ರಾಣಿ ಸೈಕಲ್ಲು ಹಿಡಿದು ನಿಂತಿದ್ದಳು. ಚೈನು ಏರಿಸಿದ್ದಳು, ಕವರಿನ ನಗ್ಗನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ್ದಳು. ಗಲ್ಲದ ಗಾಯಕ್ಕೆ ಪಟ್ಟಿ ಇತ್ತು.

“ಹೇಳಿದ್ಯಾ ಅಪ್ಪಾ?”

ಅವನು ಹ್ಯಾಂಡಲ್ಲಿಗೆ ಕೈಹಾಕಿದ. ಅವಳು ಬಿಡಲಿಲ್ಲ.

“ಏನಂದೆ ಅವರ ಮುಂದೆ?”

“ಬಿಡವ್ವಾ. ಅಂಗಡೀಲಿ ನಿಲ್ಲಿಸ್ತೀನಿ. ಸ್ವಲ್ಪ ದಿನ.”

“ಸ್ವಲ್ಪ ದಿನಾನಾ?”

ಅವನು ಎಳೆದ. ಅವಳ ಬೆರಳುಗಳು ಬ್ರೇಕಿನ ಕಡ್ಡಿಯ ಮೇಲಿದ್ದವು. ಚಕ್ರ ಕಚ್ಚಿಕೊಂಡಿತು, ಈಗ ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು. ಅವನು ಇನ್ನೂ ಜೋರಾಗಿ ಎಳೆದ. ಅವಳು ಬೆರಳು ತೆಗೆದಳು.

ಪಡಸಾಲೆಯಿಂದ ಹುಲಿಗೆಮ್ಮ ಕೂಗಿದಳು. “ಏ ಯಪ್ಪಾ, ಮುರಿದಿದ್ದು ನನ್ನ ಕೈ! ನನ್ನೊಂದು ಮಾತು ಕೇಳ್ದೆ ಹುಡುಗೀದು ಯಾಕೆ ಕಿತ್ಕೊಂತೀಯ?”

ಅವನು ತಿರುಗಿ ನೋಡಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಪೇಟೆ ಬೀದಿಯವರೆಗೆ ಹೋದ. ಜಗಲಿಯ ಮೇಲಿದ್ದವರು “ಒಳ್ಳೇ ಕೆಲಸ ಮಾಡಿದೆ ಬಿಡು ಬೆನಕಪ್ಪಾ” ಅಂದರು. ಅಂಗಡಿಯ ಹಿಂದಿನ ಗೋಡೆಗೆ ಅದನ್ನು ಒರಗಿಸಿ, ಕಾದಿದ್ದ ಗಿರಾಕಿಗೆ ಬೇರೆ ಸೈಕಲ್ಲು ತೆಗೆದು, ಬ್ರೇಕು ಒತ್ತಿ, ದಬ್ಬಿ ನೋಡಿ ಕೊಟ್ಟ.

ಮರುದಿನ ರುದ್ರಾಣಿ ಬೆಳಕು ಹರಿಯುವ ಮುಂಚೆಯೇ ಬುತ್ತಿ ಕಟ್ಟಿಕೊಂಡು ಶಾಲೆಗೆ ನಡೆದೇ ಹೋದಳು. ಬೆನಕಪ್ಪ ಮಗಳಿಗೆ ಕೊಟ್ಟ ಮಾತು ಮುರಿದಿದ್ದ.