ಅದೊಂದು ಆಗಿಬರಲ್ಲ

ಬಟ್ಟೆ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಅಳತೆ ತಿದ್ದಿ ಹೊಲಿಯುವ ಕೆಲಸ ಅವಳದು. ಮದುವೆಯಾದ ಹೊಸತರಲ್ಲಿ, ಎಲ್ಲರಿಗೂ ಹೀಗೇ ಇರಬೇಕು ಎಂದುಕೊಂಡಿದ್ದಳು. ಗಂಡನ ಜೊತೆ ಕೂಡಿದ ಸ್ವಲ್ಪ ಹೊತ್ತಿಗೆ ಯೋನಿಯಲ್ಲಿ ಉರಿ ಶುರುವಾಗುತ್ತಿತ್ತು. ಕೆಂಪಾಗಿ ಊದಿಕೊಂಡು, ಮರುದಿನ ಮಿಷನ್ನಿನ ಮುಂದೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ಸಾಬೂನು ಬದಲಿಸಿದಳು, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒಳಉಡುಪನ್ನು ತಾನೇ ಹೊಲಿದುಕೊಂಡಳು. ಊಹುಂ, ಏನೂ ನಾಟಲಿಲ್ಲ.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. "ನನ್ನ ಕೈಲಿರೋ ಥಿನ್ನರ್ ಇರ್ಬೇಕು ಕಣೇ" ಎಂದು ತಪ್ಪನ್ನು ತಾನೇ ಹೊತ್ತುಕೊಂಡ. ಕೆಲಸದಿಂದ ಬಂದವನೇ ಬಚ್ಚಲಿಗೆ ಹೋಗಿ ಉಗುರಿನ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದ. ಅವನ ಅಂಗೈ ಸುಲಿಯಿತೇ ಹೊರತು ಅವಳ ಉರಿ ತಗ್ಗಲಿಲ್ಲ. ಕೊನೆಕೊನೆಗೆ ಅವಳು ತಲೆನೋವು, ಸುಸ್ತು ಎಂದು ನೆಪ ಹೇಳತೊಡಗಿದಳು. ಅವನು ಕೇಳುವುದನ್ನೇ ಬಿಟ್ಟ.

ಅಕ್ಕನ ಹತ್ತಿರ ಬಾಯಿಬಿಟ್ಟಾಗ ಅಕ್ಕ ದನಿ ತಗ್ಗಿಸಿದಳು. "ಹೊರಗಿಂದ ಅಂಟಿಸಿಕೊಂಡು ಬಂದಿರೋ ಕಾಯಿಲೆ ಇರ್ಬಹುದು. ಮನೆಮನೆ ತಿರುಗೋ ಕೆಲಸ ನಿನ್ನ ಗಂಡಂದು. ಒಂದು ಕಣ್ಣಿಟ್ಟಿರು."

ಆ ಮಾತು ತಲೆಯಲ್ಲಿ ಹುಳ ಬಿಟ್ಟಿತು. ಒಗೆಯುವ ಮುಂಚೆ ಅವನ ಅಂಗಿಯನ್ನು ಮೂಸಿ ನೋಡಿದಳು. ಬಣ್ಣ, ಬೆವರು, ಅಷ್ಟೇ. ತನ್ನ ಮೇಲೆ ತನಗೇ ಹೇಸಿಗೆಯೆನಿಸಿ, ಮರುದಿನ ಒಬ್ಬಳೇ ಡಾಕ್ಟರ ಬಳಿ ಹೋದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿಸಿದರು. ಯಾವ ಸೋಂಕೂ ಇರಲಿಲ್ಲ.

"ಕಾಂಡೋಮ್ ಹಾಕ್ಕೊಂಡಾಗಲೂ ಉರಿಯುತ್ತಾ?"

"ಹಾಕ್ಕೊಂಡೇ ಇಲ್ಲ ಮೇಡಂ. ಮಗು ಬೇಕು ಅಂತ..."

"ಒಂದೆರಡು ಸಲ ಹಾಕ್ಕೊಂಡು ನೋಡಿ. ಆಗ ಉರಿ ಬರದಿದ್ರೆ ವೀರ್ಯದ ಅಲರ್ಜಿನಾ ಅಂತ ಯೋಚಿಸ್ಬೇಕಾಗುತ್ತೆ. ಅಪರೂಪ, ಆದ್ರೆ ಇದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮೈಯೆಲ್ಲ ದದ್ದು ಎದ್ರೆ, ಉಸಿರು ಕಟ್ಟಿದ್ರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಬನ್ನಿ."

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅಂಗಿ ಮೂಸಿದ್ದನ್ನೂ ಮುಚ್ಚಿಡಲಿಲ್ಲ.

"ನಿಂಗೆ ನಾನು ಸಾಕಾಗಿದೀನಿ ಅಂತ ನಾನು ಕೊರಗ್ತಿದ್ದೆ. ನೀನು ನೋಡಿದ್ರೆ ಇಂಥಾ ಯೋಚನೇಲಿದ್ದೆ" ಎಂದು ಅವನು ಎದ್ದು ಹೋದ. ಕೆಲವು ದಿನ ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮಾತು.

ಆಮೇಲೊಂದು ಸಂಜೆ ಔಷಧಿ ಅಂಗಡಿಯಿಂದ ಕಾಂಡೋಮಿನ ಪೊಟ್ಟಣ ತಂದವನೂ ಅವನೇ. ಅಂದು ಉರಿ ಬರಲಿಲ್ಲ. ಮತ್ತೊಮ್ಮೆಯೂ ಬರಲಿಲ್ಲ. ಅವಳ ಜೀವ ಹಗುರಾಯಿತು. ಅವನ ಮುಖ ಬಾಡಿತು.

"ಅಂದ್ರೆ ನಾನೇ ನಿಂಗೆ ಆಗಿಬರಲ್ಲ."

"ನೀವು ಆಗಿಬರ್ತೀರಿ. ಅದೊಂದು ಆಗಿಬರಲ್ಲ, ಅಷ್ಟೇ."

ಅವನಿಗೆ ತಡೆಯಲಾಗದೆ ನಗು ಬಂತು. "ಊರಲ್ಲಿರೋ ಸೊಸೇರಿಗೆಲ್ಲ ಅತ್ತೆ ಆಗಿಬರಲ್ಲ. ನನ್ನ ಹಣೇಬರಹ ನೋಡು!"

ಅಲರ್ಜಿ ತಜ್ಞರ ಬಳಿ ಇಬ್ಬರೂ ಒಟ್ಟಿಗೆ ಹೋದರು. ಚರ್ಮದ ಪರೀಕ್ಷೆಯಾದ ಮೇಲೆ ಅವರು, ಹೆಚ್ಚುಕಡಿಮೆ ಅದೇ ಎಂದರು. ಇದರಿಂದ ಬಸಿರಾಗಲು ಅಡ್ಡಿಯಿಲ್ಲ. ವೀರ್ಯವನ್ನು ತೊಳೆದು ವೀರ್ಯಾಣುಗಳನ್ನಷ್ಟೇ ಗರ್ಭಕೋಶಕ್ಕೆ ಸೇರಿಸಬಹುದು, ಇಲ್ಲವೇ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ಮೈಗೆ ಒಗ್ಗಿಸಿ ನೋಡಬಹುದು ಎಂದು ವಿವರಿಸಿದರು.

"ಯಾವುದು ಮಾಡೋಣ?" ಮೆಟ್ಟಿಲಿಳಿಯುತ್ತಾ ಅವನು ಕೇಳಿದ.

"ಸದ್ಯಕ್ಕೆ ಯಾವುದೂ ಬೇಡ. ನೋವಿಲ್ಲದೆ ಹೇಗಿರುತ್ತೆ ಅಂತ ಈಗಷ್ಟೇ ಗೊತ್ತಾಗಿದೆ ನಂಗೆ. ಸ್ವಲ್ಪ ದಿನ ಹೀಗೇ ಇರೋಣ."

ಅವನು ತಲೆಯಾಡಿಸಿದ. ಬಸ್ಸು ತುಂಬಿ ಬಂತು. ಇಬ್ಬರೂ ನಿಂತುಕೊಂಡೇ ಮನೆಗೆ ಹೋದರು.