ಮೀಸಲಿಗೆ ಹೋದ ಸರ್ಟಿಫಿಕೇಟು

ಕಳ್ಳಂಬೆಳ್ಳದ ಕೆರೆಯ ಆಚೆ ಇದ್ದ ಹಟ್ಟಿಯಲ್ಲಿ ಕುರಿಗಳೆಲ್ಲ ಕ್ಯಾತಣ್ಣನ ಹೆಸರಿನವು, ಮನೆ ಅಣ್ಣತಮ್ಮಂದಿರೆಲ್ಲರದು, ಹೊಲ ಇನ್ನೂ ಪಾಲಾಗದ್ದು. ಕ್ಯಾತಣ್ಣನ ಹೆಂಡತಿ ಈರಕ್ಕನಿಗೆ ತನ್ನದು ಅಂದುಕೊಳ್ಳಲು ಇದ್ದದ್ದು ಕುರಿ ಕೂಡುವ ರೊಪ್ಪದ ಹಿಂದಿನ ಎರಡು ಗೊಬ್ಬರದ ಗುಂಡಿ ಮಾತ್ರ. ಅದನ್ನೂ ಅವಳು ಮನಸ್ಸಿನಲ್ಲಿ ಅಂದುಕೊಂಡಿದ್ದಳೇ ಹೊರತು ಬಾಯಿಬಿಟ್ಟು ಹೇಳಿರಲಿಲ್ಲ. ಯಾರಾದರೂ ಕೇಳಿದರೆ "ರೊಪ್ಪದ ಗುಂಡಿ" ಅನ್ನುತ್ತಿದ್ದಳು. ಕುರಿಹಿಕ್ಕೆ, ಕೆರೆಯ ಗೋಡುಮಣ್ಣು, ಹೊಂಗೆಸೊಪ್ಪು ಪದರಪದರವಾಗಿ ಹಾಕಿ, ಮಣ್ಣು ಮೆತ್ತಿ, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದಳು. ಒಂದು ಗುಂಡಿ ಚೆನ್ನಾಗಿ ಕಳಿತು ತೆಗೆಯುವುದಕ್ಕೆ ಬಂದಿತ್ತು. ಇನ್ನೊಂದು ಹೊಸದು, ಕೈಯಿಟ್ಟರೆ ಇನ್ನೂ ಬಿಸಿ.

ಎಂಬತ್ತರ ದಶಕ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನೀರು ಕೆಡುತ್ತದೆ, ಗಾಳಿ ಕೆಡುತ್ತದೆ ಅನ್ನುವ ಮಾತು ರೇಡಿಯೋದಿಂದ ಇಳಿದು ಊರೊಳಗೂ ಕಾಲಿಟ್ಟಿತ್ತು. ಆ ಮಾತನ್ನು ಮೊದಲು ಹಿಡಿದುಕೊಂಡವರು ಗುಂಡಿಯ ಪಕ್ಕದ ತೆಂಗಿನ ತೋಟದ ಶಂಕರಲಿಂಗಪ್ಪನವರು. ತಮ್ಮ ಬಾವಿಯ ನೀರಿಗೆ ಹಿಕ್ಕೆಯ ವಾಸನೆ ಬರುತ್ತಿದೆ ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ವಾಸನೆ ಬಂದಿದ್ದರೂ ಬಂದಿರಬಹುದು.

ಚೇರ್ಮನ್ ರೇಣುಕಯ್ಯ ಎರಡು ಕಡೆಯವರನ್ನೂ ಕೂರಿಸಿಕೊಂಡು ತೀರ್ಮಾನ ಹೇಳಿದರು. "ನೋಡು ಈರಕ್ಕ, ಗೊಬ್ಬರ ಪೂರ್ತಿ ಕಳಿತೈತೆ, ಮಣ್ಣಿಗೂ ನೀರಿಗೂ ಕೇಡಿಲ್ಲ ಅಂತ ಕೃಷಿ ಇಲಾಖೆಯೋರು ಬರ್ಕೊಡ್ಲಿ. ಮುಂದಿನ ಮೀಟಿಂಗಿಗೆ ಕಾಗ್ದ ತಗಂಡು ಬಾ. ಬರ್ಲಿಲ್ಲ ಅಂದ್ರೆ ಗುಂಡಿ ಮುಚ್ಚಿ, ಕೆರೆ ಏರಿ ಆಚೆ ಮಾಡ್ಕಳಿ."

ಏರಿಯ ಆಚೆಗೆ ದಿನಾ ಹಿಕ್ಕೆ ಹೊರುವವರು ಯಾರು? ಅಲ್ಲಿಗೆ ಹೋದರೆ ಗುಂಡಿ ಮುಗಿದ ಹಾಗೆಯೇ ಎಂಬುದು ಈರಕ್ಕನಿಗೆ ಗೊತ್ತಿತ್ತು. ಆದರೆ ಹಳೇ ಗುಂಡಿಯ ಗೊಬ್ಬರದ ಮೇಲೆ ಅವಳಿಗೆ ನಂಬಿಕೆಯಿತ್ತು. ಅದನ್ನು ಯಾರು ಬೇಕಾದರೂ ನೋಡಲಿ ಅಂದುಕೊಂಡಳು.

ಸಿರಾದಿಂದ ಕೃಷಿ ಇಲಾಖೆಯ ಸಂಜೀವಯ್ಯ ಬಂದದ್ದು ಒಂದು ಶುಕ್ರವಾರ, ಹೇಳದೆ ಕೇಳದೆ. ಬಿಳಿ ಪ್ಯಾಂಟಿನ ಮನುಷ್ಯ, ಗುಂಡಿಯ ಹತ್ತಿರಕ್ಕೂ ಸುಳಿಯಲಿಲ್ಲ. ಹೊಂಗೆಮರದ ನೆರಳಿನಲ್ಲಿ ನಿಂತು ಬಟ್ಟೆಯ ಚೀಲ ಚಾಚಿದ. "ಕಳಿತಿರೋ ಗುಂಡಿಯಿಂದ ಒಂದೆರಡು ಸೇರಿನಷ್ಟು ತುಂಬ್ಕೊಡಮ್ಮ. ಲ್ಯಾಬಿಗೆ ಕಳಿಸ್ತೀನಿ."

ಈರಕ್ಕ ಚೀಲ ಹಿಡಿದು ಹಳೇ ಗುಂಡಿಯ ಮುಂದೆ ನಿಂತಳು, ಕೈ ಬರಲಿಲ್ಲ. ಹಟ್ಟಿಯಲ್ಲಿ ಯಾವುದೇ ಬೆಳೆಯಾಗಲಿ, ಹಾಲಾಗಲಿ, ಗೊಬ್ಬರವಾಗಲಿ, ಮೊದಲನೆಯದು ದೇವರಿಗೆ ಮೀಸಲು. ಗುಂಡಿ ತೆಗೆಯುವುದು ಸೋಮವಾರವೇ. ಮೊದಲ ಪುಟ್ಟಿ ದೇವರ ಹೊಲಕ್ಕೆ ಬಿದ್ದ ಮೇಲೆಯೇ ಮಿಕ್ಕವರಿಗೆ. ಮೀಸಲು ಮುರಿದವರ ಮಂದೆಗೆ ಏನೇನಾಯಿತು ಎಂಬ ಕಥೆಗಳನ್ನು ಅವಳು ಹಾಲು ಕುಡಿಯುವಾಗಿನಿಂದ ಕೇಳಿದ್ದಳು. ಸೋಮವಾರ ಬನ್ನಿ ಅನ್ನೋಣವೆಂದರೆ ಸರ್ಕಾರದ ಮನುಷ್ಯ, ಇನ್ನೊಂದು ಸಲ ಬರುತ್ತಾನೋ ಇಲ್ಲವೋ. ಕೊನೆಗೆ ಅವಳು ಹೊಸ ಗುಂಡಿಯ ಕಡೆ ತಿರುಗಿದಳು. ಒಣಗಿದ್ದ ಮೇಲ್ಪದರ ಕೆರೆದು, ಜರಡಿ ಹಿಡಿದು, ಕಪ್ಪಗೆ ಪುಡಿಪುಡಿಯಾಗಿ ಕಾಣುವ ಹಾಗೆ ಮಾಡಿ ಚೀಲ ತುಂಬಿದಳು. ಎಲ್ಲಾ ಅದೇ ಹಿಕ್ಕೆ, ಅದೇ ಸೊಪ್ಪು ಅಂತ ತನಗೆ ತಾನೇ ಹೇಳಿಕೊಂಡಳು. ಅದು ಹಾಗಲ್ಲ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಸಂಜೀವಯ್ಯ ಚೀಲದ ಬಾಯಿ ಕಟ್ಟಿಕೊಂಡು ಬಸ್ಸಿಗೆ ಹೋದ. ಸೋಮವಾರ ಮೀಸಲಿನ ಪುಟ್ಟಿ ದೇವರ ಹೊಲಕ್ಕೆ ಬಿತ್ತು, ಪೂಜಾರಿ ಮೂಡಲಗಿರಿಯಪ್ಪ ಕಾಯಿ ಒಡೆದ. ಈರಕ್ಕ ನಿರಾಳವಾಗಿ ಉಸಿರುಬಿಟ್ಟಳು.

ಲ್ಯಾಬಿನವರು ಮಾತ್ರ ಜರಡಿಗೆ ಮರುಳಾಗಲಿಲ್ಲ. ಗೊಬ್ಬರ ಕಳಿತಿಲ್ಲ, ನೀರಿನ ಹತ್ತಿರ ಇಡಬಾರದು ಎಂದು ವರದಿ ಬಂತು. ಸುದ್ದಿ ಕೇಳಿದ ಶಂಕರಲಿಂಗಪ್ಪನವರು ಹಿಗ್ಗಲಿಲ್ಲ, "ನಾನು ಹೇಳಿರಲಿಲ್ವೇ" ಅಂದರು ಅಷ್ಟೆ. ಕ್ಯಾತಣ್ಣ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಾ, "ಹೋಗ್ಲಿ ಬುಡು, ಗುಂಡಿ ತಾನೇ" ಅಂದು ಮಂದೆಯ ಹಿಂದೆ ಹೊರಟ. ಆ ಮಾತು ಈರಕ್ಕನನ್ನು ಲ್ಯಾಬಿನವರ ಮಾತಿಗಿಂತ ಹೆಚ್ಚು ನೋಯಿಸಿತು.

ಮರುದಿನವೇ ಅವಳು ಸಿರಾ ಬಸ್ಸು ಹತ್ತಿದಳು. ಕಚೇರಿಯ ಬಾಗಿಲಲ್ಲಿ ನಿಂತು, ಮಾಡಿದ್ದನ್ನು ಒಂದೂ ಬಿಡದೆ ಸಂಜೀವಯ್ಯನಿಗೆ ಹೇಳಿದಳು.

ಅವನ ಮುಖ ಕೆಂಪಗಾಯಿತು. "ಸರ್ಕಾರದ ಕಣ್ಣಿಗೇ ಮಣ್ಣೆರಚಿದ್ಯಲ್ಲಮ್ಮ! ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಹೆಂಗ್ ಹೇಳ್ಲಿ ಸ್ವಾಮಿ? ನಿಮ್ಗೆ ಮೊದ್ಲೇ ಕೊಟ್ರೆ ದೇವ್ರಿಗೆ ಎಂಜಲು ಕೊಟ್ಟಂಗೆ. ಕೊಡಲ್ಲ ಅಂದ್ರೆ ನಿಮ್ಗೆ ಸಿಟ್ಟು. ನಾನು ಮಾಡಿದ್ದು ತಪ್ಪೇ, ಬುಡಿ. ಈಗ ಮೀಸ್ಲು ಹೋಗೈತೆ. ಬಂದು ನೀವೇ ಕೈಯಾರೆ ತಗಳ್ಳಿ."

ಸಂಜೀವಯ್ಯ ಇನ್ನೂ ಬೈಯುವವನಿದ್ದ. ಯಾಕೋ ಪೆನ್ನು ಕೆಳಗಿಟ್ಟ. ಅವನು ಕೊರಟಗೆರೆ ಕಡೆಯವನು. "ನಮ್ಮವ್ವನೂ ಹಂಗೇ," ಅಂದ. "ಎಮ್ಮೆ ಈದ್ರೆ ಮೊದಲ ಬೆಣ್ಣೆ ಸಿದ್ದರಬೆಟ್ಟಕ್ಕೆ ಹೋಗೋವರೆಗೂ ನಮಗೆ ಮಜ್ಜಿಗೇನೂ ಹುಯ್ತಿರಲಿಲ್ಲ." ಆಮೇಲೆ ಅದನ್ನು ಹೇಳಿದ್ದಕ್ಕೆ ನಾಚಿಕೊಂಡವನ ಹಾಗೆ ಗದರಿದ. "ನಾಳೆ ಬರ್ತೀನಿ. ಇನ್ನೊಂದು ಸಲ ಹಿಂಗೆ ಮಾಡಿದ್ರೆ ನಾನೇ ನಿಂತು ಮುಚ್ಚಿಸ್ತೀನಿ."

ಮಾತಿನಂತೆ ಬಂದ. ಈ ಸಲ ಪ್ಯಾಂಟು ಮಡಿಸಿಕೊಂಡು ಹಳೇ ಗುಂಡಿಗೆ ಇಳಿದು, ಆಳದಿಂದ ತಾನೇ ಬಗೆದು ತೆಗೆದ. ಮೂಗಿನ ಹತ್ತಿರ ಹಿಡಿದು ನೋಡಿದ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಬೇರೇನೂ ಇಲ್ಲ. ಅಲ್ಲೇ ಹೊಸ ಗುಂಡಿಯ ಸುತ್ತ ಒಡ್ಡು ಎತ್ತರಿಸಿ, ಬಾವಿಯ ಕಡೆ ನೀರು ಇಳಿಯದ ಹಾಗೆ ಮಾಡು ಎಂದು ಹೇಳಿದ. ಈರಕ್ಕ ಸಂಜೆಯೊಳಗೆ ಒಡ್ಡು ಹಾಕಿ ಮುಗಿಸಿದಳು.

ಲ್ಯಾಬಿನಿಂದ ಒಳ್ಳೆಯ ಮಾತು ಬಂದದ್ದು ಮೀಟಿಂಗಿನ ಹಿಂದಿನ ದಿನ. ಕಚೇರಿಯಲ್ಲಿ ಸಂಜೀವಯ್ಯ ಸರ್ಟಿಫಿಕೇಟು ಬರೆಯಲು ಕುಳಿತ. "ಯಾರ ಹೆಸರಿಗೆ? ಕ್ಯಾತಣ್ಣಂದು ತಾನೇ?"

ಈರಕ್ಕ ಮೇಜಿನ ಹತ್ತಿರಕ್ಕೆ ಸರಿದಳು. "ಕುರಿ ಅವ್ರವು ಸ್ವಾಮಿ. ಗುಂಡಿ ಈರಕ್ಕಂದು ಅಂತ ಬರೀರಿ." ಅವನು ಹಾಳೆಗೆ ನಿಬ್ಬು ತಾಗಿಸುವ ಮೊದಲು ಮತ್ತೆ ಬಾಯಿ ಹಾಕಿದಳು. "ಅಂಗೇ, ಎರಡು ಬರೀರಿ."

"ಎರಡು ಯಾಕಮ್ಮ?"

"ಮೊದಲ್ನೇದು ದೇವ್ರಿಗೆ."

ಸಂಜೀವಯ್ಯ ಅವಳನ್ನೇ ದುರುಗುಟ್ಟಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಡ್ರಾಯರ್ ಎಳೆದು, ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಒತ್ತಿ ಬರೆದ. ಎರಡಕ್ಕೂ ಸೀಲು ಹೊಡೆದ.

ಮಾರನೆಯ ದಿನ ಪಂಚಾಯ್ತಿ ಮೀಟಿಂಗಿನಲ್ಲಿ ಈರಕ್ಕ ತನ್ನ ಕಾಗದ ಮುಂದಿಟ್ಟಳು. ನೇರಳೆ ಬಣ್ಣದ ಅಕ್ಷರಗಳು ಅಲ್ಲಲ್ಲಿ ಕಲೆಸಿಹೋಗಿದ್ದವು. ರೇಣುಕಯ್ಯ ಕನ್ನಡಕ ಏರಿಸಿ ನೋಡಿದರು. "ಇದು ನಕಲು. ಅಸಲು ಎಲ್ಲಿ?"

"ದೇವ್ರ ಪೆಟ್ಟಿಗೇಲಿ ಐತೆ ಚೇರ್ಮನ್ರೆ. ನೆನ್ನೆ ಸಂಜೆನೇ ಪೂಜಾರಪ್ಪನ ಕೈಗೆ ಕೊಟ್ಟೆ."

"ತಗಂಡು ಬಾ ಮತ್ತೆ."

"ಹಾಕೋಕೆ ಕಿಂಡಿ ಐತೆ, ಪೆಟ್ಟಿಗೆ ಬಾಯಿ ತೆಗೆಯೋದು ವರ್ಸಕ್ಕೆ ಒಂದೇ ದಪ. ಮೀಸ್ಲು ಕಾಗ್ದ, ವಾಪಸ್ ಕೇಳೋಕೆ ನನ್ನ ಕೈಲಾಗಲ್ಲ. ನಿಮ್ಗೆ ಬೇಕೇ ಬೇಕು ಅಂದ್ರೆ ನೀವೇ ಹಟ್ಟಿಗೆ ಬಂದು ತೆಗೆಸ್ಕಳಿ."

ರೇಣುಕಯ್ಯ ಮೆಂಬರುಗಳ ಮುಖ ನೋಡಿದರು. ಮೆಂಬರುಗಳು ಗೋಡೆ ನೋಡಿದರು. ಯಾರೂ ಏಳಲಿಲ್ಲ. ಕೊನೆಗೆ ಮೂಲೆಯಲ್ಲಿ ಕುಳಿತಿದ್ದ ಶಂಕರಲಿಂಗಪ್ಪನವರೇ ಗಂಟಲು ಸರಿಮಾಡಿಕೊಂಡರು. "ಸೀಲು ಐತಲ್ಲ ರೇಣುಕಯ್ಯ, ಸಾಕು ಬರ್ಕಳಿ. ಒಡ್ಡು ಹಾಕಿದ್ಮೇಲೆ ನೀರೂ ಚೆನ್ನಾಗೈತೆ."

ಹಟ್ಟಿಗೆ ಬಂದಾಗ ಕ್ಯಾತಣ್ಣ ಮಂದೆಯನ್ನು ರೊಪ್ಪಕ್ಕೆ ಕೂಡುತ್ತಿದ್ದ. "ಏನಂದ್ರು? ಉಳೀತಾ ರೊಪ್ಪದ ಗುಂಡಿ?" ಎಂದು ಕೇಳಿದ.

ಈರಕ್ಕ ಪುಟ್ಟಿ ತೆಗೆದುಕೊಂಡು ಹಿಕ್ಕೆ ಬಳಿಯಲು ಬಗ್ಗಿದಳು. ಅವಳಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

"ಉಳೀತು," ಅಂದಳು. "ನನ್ ಗುಂಡಿ."