ತೊಂಬತ್ತೊಂದು ಮಾತ್ರೆಗಳು

೧

ಈ ಕಥೆಯನ್ನು ಮಾತ್ರೆಯಿಂದ ಶುರುಮಾಡಲೇ, ಕೈಯಿಂದ ಶುರುಮಾಡಲೇ? ಮಾತ್ರೆಯಿಂದ ಶುರುಮಾಡಿದ ಡ್ರಾಫ್ಟನ್ನು ಹರಿದುಹಾಕಿದೆ. ಮೂರನೇ ಸಾಲಿಗೇ ಅದು ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯ ಹಾಗಾಗಿತ್ತು. ಕೈಯಿಂದ ಶುರುಮಾಡಿದ್ದರಲ್ಲಿ ಎರಡು ಕಡೆ ನಾನೇ ಅತ್ತಿದ್ದೆ. ಅಳುವ ಲೇಖಕನನ್ನು ನಂಬಬೇಡಿ, ನಾನೂ ನಂಬುವುದಿಲ್ಲ. ಸ್ಟೋರ್ ಕೀಪರ್‌ಳಿಂದ ಶುರುಮಾಡುತ್ತೇನೆ.

೨

ಅವಳು ಒಂದು ಪಂಪ್ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರ್, ಯಾವುದೇ ಇರಲಿ, ಮುಗಿಯುವ ಮೊದಲೇ ಒಂದಿಷ್ಟು ಎತ್ತಿಡುವುದು ಇಪ್ಪತ್ತೆರಡು ವರ್ಷಗಳ ಅಭ್ಯಾಸ. ಗಂಡ ಲಿಫ್ಟ್ ಮೆಕ್ಯಾನಿಕ್. ಆಗಿದ್ದ, ಎನ್ನಬೇಕು. ಬೆರಳಿನ ನರಗಳು ಒಂದೊಂದಾಗಿ ಸತ್ತುಹೋಗುವ ಕಾಯಿಲೆ ಅವನಿಗೆ, ಅದಕ್ಕೆ ಔಷಧವಿಲ್ಲ. ಔಷಧವಾಗಬಹುದಾದ ಒಂದು ಮಾತ್ರೆ ಇತ್ತು. ಹೆಸರಿನ್ನೂ ಇಟ್ಟಿಲ್ಲ, ಬರೀ ನಂಬರು. ಆಸ್ಪತ್ರೆಯಲ್ಲಿ ಅದರ ಟ್ರಯಲ್ ನಡೆಯುತ್ತಿತ್ತು. ಸೇರಿದವರಲ್ಲಿ ಅರ್ಧ ಜನಕ್ಕೆ ಅಸಲಿ ಮಾತ್ರೆ, ಅರ್ಧ ಜನಕ್ಕೆ ಒಳಗೆ ಏನೂ ಇಲ್ಲದ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

ತಿಂಗಳಿಗೊಮ್ಮೆ ಪರೀಕ್ಷೆ. ಒಂಬತ್ತು ತೂತಿನ ಒಂದು ಹಲಗೆ, ಒಂಬತ್ತು ಪುಟ್ಟ ಗೂಟ, ಹಾಕಿ ತೆಗೆಯಬೇಕು. ನರ್ಸ್ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದಳು. ಮೊದಲ ಸಲ ಐವತ್ತೆಂಟು ಸೆಕೆಂಡು. ಐದನೇ ತಿಂಗಳಿಗೆ ಮೂವತ್ತೊಂಬತ್ತು. ಆವತ್ತು ಮನೆಗೆ ಬಂದವನೇ ಅಡುಗೆಮನೆಯ ಕಪಾಟಿನ ಸಡಿಲ ಸ್ಕ್ರೂವನ್ನು ತಾನೇ ಬಿಗಿದ. ಅವಳು ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

(ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಕಥೆ. ನಿಮಗೆ ಇಷ್ಟೇ ಸಾಕಿದ್ದರೆ ಪುಟ ಮಗುಚಿ, ನನಗೇನೂ ಬೇಜಾರಿಲ್ಲ.)

೩

ಅದೇ ದಿನ ನರ್ಸ್ ಬಾಯಿತಪ್ಪಿ ಒಂದು ಮಾತಾಡಿದ್ದಳು. "ಅಕ್ಕಾ, ಹಿಂದಿನ ಟ್ರಯಲ್ ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ರು. ಗುಣ ಆಗ್ತಿದ್ದೋರಿಗೂ ಆಮೇಲೆ ಒಂದೇ ಒಂದು ಮಾತ್ರೇನೂ ಸಿಗ್ಲಿಲ್ಲ."

ಸ್ಟೋರ್ ಕೀಪರ್ ಏನು ಮಾಡುತ್ತಾಳೆ? ಎತ್ತಿಡುತ್ತಾಳೆ. ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆಯುವುದು ಮೊದಲಿನಿಂದಲೂ ಅವಳದೇ ಕೆಲಸ. ದಿನ ಬಿಟ್ಟು ದಿನ ಅವನ ಅಂಗೈಗೆ ಕ್ಯಾಲ್ಸಿಯಂ ಮಾತ್ರೆ ಬೀಳತೊಡಗಿತು, ಟ್ರಯಲ್ಲಿನ ಮಾತ್ರೆ ಒಂದು ಡಬ್ಬಿಗೆ. ಅದೇ ಬಿಳಿ, ಅದೇ ಗುಂಡು. ಖಾಲಿ ಸ್ಟ್ರಿಪ್ಪುಗಳನ್ನು ನರ್ಸ್ ಎಣಿಸಿ, "ಒಂದೂ ತಪ್ಪಿಸಿಲ್ಲ, ಭೇಷ್!" ಎಂದು ಬರೆದುಕೊಳ್ಳುತ್ತಿದ್ದಳು.

ಬೇಡಮ್ಮಾ, ಎಂದೆ ನಾನು.

"ನಿಮಗೇನ್ರೀ ಹೋಗೋದು? ಬರೆದು ಎದ್ದು ಹೋಗ್ತೀರಾ. ಮಾತ್ರೆ ನಿಂತ ಮೇಲೆ ಆ ಕೈ ನೋಡ್ಕೊಂಡು ಕೂರೋಳು ನಾನು."

ನಾನು ಪರೀಕ್ಷೆಯ ಸೆಕೆಂಡುಗಳನ್ನು ಬರೆಯುತ್ತಾ ಹೋದೆ. ನಲವತ್ತನಾಲ್ಕು. ಐವತ್ತೊಂದು. ಹನ್ನೊಂದನೇ ತಿಂಗಳಿಗೆ ಅರವತ್ತನಾಲ್ಕು ಸೆಕೆಂಡು. ಕಾಯಿಲೆ ಏರುತ್ತಿದೆ, ಮುಂದೆ ಇನ್ನೂ ಹೆಚ್ಚು ಬೇಕಾಗುತ್ತದೆ ಎಂದುಕೊಂಡು ಅವಳು ಎತ್ತಿಡುತ್ತಲೇ ಹೋದಳು. ಡಬ್ಬಿಯಲ್ಲಿ ತೊಂಬತ್ತೊಂದು ಮಾತ್ರೆಗಳಾದವು.

೫

(ನಾಲ್ಕನ್ನು ಕಿತ್ತುಹಾಕಿದ್ದೇನೆ. ಅದರಲ್ಲಿ ಡಾಕ್ಟರೊಬ್ಬರು ಭರವಸೆಯ ಬಗ್ಗೆ ಒಂದು ಪುಟ ಕೊರೆಯುತ್ತಿದ್ದರು.)

ಟ್ರಯಲ್ ನಿಂತಿತು. ಮಾತ್ರೆಯಿಂದ ಗುಣ ಕಾಣಲಿಲ್ಲವಂತೆ. ಕೊನೆಯ ಭೇಟಿಗೆ ಎಲ್ಲರನ್ನೂ ಕರೆದರು. ಗಂಡ ಒಳಗೆ ಹಲಗೆಯ ಮುಂದೆ ಕೂತಿದ್ದಾಗ ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ, ಮಗಳ ವೀಲ್‌ಚೇರನ್ನು ಬದಿಗೆ ನಿಲ್ಲಿಸಿ, ಇವಳ ಹತ್ತಿರಕ್ಕೆ ಸರಿದಳು.

"ನೀವೆಷ್ಟು ಉಳಿಸಿದೀರಾ?"

"ಏನನ್ನ?"

"ಅಯ್ಯೋ, ನನ್ನ ಹತ್ರ ಯಾಕೆ ಮುಚ್ಚಿಡ್ತೀರಾ? ಆ ನರ್ಸ್ ನಮಗೂ ಹೇಳಿದ್ಲಲ್ಲ. ನಂದು ಎಪ್ಪತ್ತು. ಆ ಮೂಲೇಲಿ ಕೂತಿದಾರಲ್ಲ, ಅವರದು ನೂರರ ಮೇಲಂತೆ."

ಸ್ಟೋರ್ ಕೀಪರ್ ಬೆಂಚಿನುದ್ದಕ್ಕೂ ನೋಡಿದಳು. ಯಾರೂ ಮುಖ ಕೊಡಲಿಲ್ಲ. ಮಾತ್ರೆ ನಿಂತುಹೋದೀತೆಂದು ಹೆದರಿ ಎತ್ತಿಟ್ಟವರೆಲ್ಲ ಸೇರಿಯೇ ಅದನ್ನು ನಿಲ್ಲಿಸಿದ್ದರೋ ಏನೋ. ಅವಳು ಎದ್ದು ಬಾತ್‌ರೂಮಿಗೆ ಹೋದಳು.

೬

ಯಾರಿಗೆ ಅಸಲಿ, ಯಾರಿಗೆ ಸಪ್ಪೆ ಎಂಬ ಕಾಗದ ಆರು ತಿಂಗಳ ಮೇಲೆ ಬರುತ್ತದಂತೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿಲ್ಲ. ಡಬ್ಬಿಯ ಮಾತೆತ್ತದೆ ಎರಡು ಮುಕ್ತಾಯ ಬರೆದು ಗಂಡ ಹೆಂಡತಿಯ ಮುಂದಿಟ್ಟೆ.

"ಸಪ್ಪೆ ಅಂತ ಬರೀರಿ," ಎಂದಳು ಅವಳು, ಓದುವ ಮೊದಲೇ. ಸಪ್ಪೆಯಾದರೆ ಅವಳು ಎತ್ತಿಟ್ಟದ್ದು ಬರೀ ಹಿಟ್ಟು. ಯಾರ ಕೈಯನ್ನೂ ಅವಳು ಕೆಡಿಸಿಲ್ಲ.

"ಏನೇ, ತಲೆ ಕೆಟ್ಟಿದ್ಯಾ ನಿಂಗೆ?" ಗಂಡನಿಗೆ ಅಪರೂಪಕ್ಕೆ ಸಿಟ್ಟು ಬಂತು. "ಅಸಲಿ ಅಂತಲೇ ಬರೀಬೇಕು ಸಾರ್. ಮೂವತ್ತೊಂಬತ್ತು ಸೆಕೆಂಡಲ್ಲಿ ಮಾಡಿದೀನಿ ನಾನು. ಅದೂ ಸುಳ್ಳು ಅಂದ್ರೆ ನನಗೆ ಇನ್ನೇನುಳೀತು?"

"ಮಾಡಿ ಮಾಡಿ ಅಭ್ಯಾಸ ಆದ್ರೂ ಬೆರಳು ಚುರುಕಾಗತ್ತಂತೆ ಕಣ್ರೀ."

"ಸ್ಕ್ರೂ ಬಿಗಿದಿದ್ದೂ ಅಭ್ಯಾಸಾನಾ?"

ಡಬ್ಬಿಯ ವಿಷಯ ಅವನಿಗೆ ಗೊತ್ತಿಲ್ಲ. ನಾನು ಹೇಳುವವನಲ್ಲ. ನೀವೂ ದಯವಿಟ್ಟು ಹೇಳಬೇಡಿ.

೭

ಮಾರನೆಯ ಬೆಳಿಗ್ಗೆಯಿಂದ ಅವಳು ಡಬ್ಬಿಯಿಂದ ದಿನಕ್ಕೊಂದು ಮಾತ್ರೆ ಕೊಡತೊಡಗಿದಳು, ಶಕ್ತಿಗೆ ಅಂತ ಸುಳ್ಳು ಹೇಳಿ. ಕೈ ಸುಧಾರಿಸಿದರೆ ಮಾತ್ರೆ ಅಸಲಿ. ಆಗ ಆರು ತಿಂಗಳು ಆ ಕೈಯನ್ನು ಹಾಳುಮಾಡಿದವಳು ಅವಳೇ, ಡಬ್ಬಿ ಮುಗಿದ ಮೇಲೆ ಭೂಮಿಯ ಮೇಲೆ ಎಲ್ಲೂ ಅದು ಸಿಗುವುದಿಲ್ಲ. ಸುಧಾರಿಸದಿದ್ದರೆ ಅವಳ ತಪ್ಪೇನೂ ಇಲ್ಲ, ಅವನಿಗೆ ಮಾತ್ರ ಯಾವ ಆಸೆಯೂ ಇಲ್ಲ. ಏನಾಗಲಿ ಎಂದು ಬೇಡಿಕೊಳ್ಳಬೇಕು ಅವಳು? ಲೇಖಕನಾಗಿ ನನಗೇ ತಿಳಿಯುತ್ತಿಲ್ಲ, ನಾಚಿಕೆಯಾಗುತ್ತಿದೆ.

ಹನ್ನೆರಡನೇ ದಿನ ಅವನು ಕರೆದ. "ಇಲ್ಲಿ ಬಾರೇ. ಹೆಬ್ಬೆರಳು ಇವತ್ತು ಸ್ವಲ್ಪ ಹಗುರ ಅನ್ನಿಸ್ತಿದೆ. ನಿಂಗೇನಾದ್ರೂ ಕಾಣ್ತಿದ್ಯಾ?"

ಅವಳು ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ನೋಡಿದಳು. ನಾನು ಪೆನ್ನೆತ್ತಿಕೊಂಡು ಮುಂದಿನ ವಾಕ್ಯ ಶುರುಮಾಡಿದೆ.

"ಬೇಡ ಸಾರ್," ಎಂದಳು, ತಲೆ ಎತ್ತದೆ. "ಬರೀಬೇಡಿ. ನನಗೆ ಇನ್ನೂ ಎಪ್ಪತ್ತೊಂಬತ್ತು ದಿನ ಇದೆ."